ಮೈನ್‌ಕ್ರಾಫ್ಟ್ ಹೊಲ: ನೀರು ಐತಿ, ಬೆಳಕೈತಿ, ಆದರೂ ಗೋಧಿ ಯಾಕ ತಡಾ? ಸಾಲಿನ ಲೆಕ್ಕ

ಗಿರ್ಮಿಟ್_ಹುಬ್ಬಳ್ಳಿ
ನಮ್ಮ ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸೋ ಆಟ) ಸರ್ವರ್ ಜಾವಾ ಎಡಿಷನ್, ಅಂದ್ರ ಕಂಪ್ಯೂಟರಿನ ಆವೃತ್ತಿ ಐತ್ರಿ, ಸರ್ವೈವಲ್ ಮೋಡ್. 9×9 ಹೊಲ, ನಟ್ಟನಡುವ ಒಂದು ನೀರಿನ ಬ್ಲಾಕ್, ಉಳಿದ 80 ಬ್ಲಾಕಿಗೂ ಗೋಧಿ. ಮಣ್ಣು ಎಲ್ಲಾ ಕಡೆ ಕಪ್ಪಗ ಹಸಿ ಐತಿ, ಮ್ಯಾಲ ಬಯಲು. ಆದರೂ ಬಿತ್ತಿ ಮುಕ್ಕಾಲು ತಾಸಾದ್ರೂ ಅರ್ಧ ಹೊಲ ಇನ್ನೂ ಹಸರೇ ಇರ್ತೈತಿ. ಇನ್ನೊಂದೆರಡು ಕಡೆ ನೀರು ಹಾಕಿದ್ರ ಜಲ್ದಿ ಬೆಳೀತೈತೇನ್ರಿ?

ಇನ್ನೊಂದು ಪ್ರಶ್ನಿ. ನೆಲದಡಿ ಇಷ್ಟೇ ದೊಡ್ಡ ಕೋಣಿ ಐತಿ. ನಡುವಿನ ನೀರಿನ ಮ್ಯಾಲೆ, ಬೆಳಿ ಇರೋ ಮಟ್ಟದಾಗ, ಒಂದು ಜ್ಯಾಕ್-ಒ-ಲ್ಯಾಂಟರ್ನ್ (ಕುಂಬಳಕಾಯಿ ದೀಪ) ಇಟ್ಟೈತಿ. ನಾಕೂ ಮೂಲ್ಯಾಗ ಬೀಜ ಊರಾಕೇ ಬರವಲ್ದು. ಎರಡಕ್ಕೂ ಕಾರಣ ಒಂದೇನೋ, ಬ್ಯಾರೆ ಬ್ಯಾರೇನೋ?

ಎರಿಹೊಲ_ಗದಗ
ಬ್ಯಾರೆ ಬ್ಯಾರೆ, ತಮ್ಮಾ. ಕೋಣಿದು ಬೆಳಕಿನ ತೊಂದ್ರಿ, ಅದನ್ನ ಯಾರರ ಬಿಡಿಸಿ ಹೇಳ್ತಾರ. ನಾ ಬಯಲು ಹೊಲದ್ದು ಹೇಳ್ತೀನಿ.

ನೀರು ಸಾಕಷ್ಟೈತಿ. ಹದ ಮಾಡಿದ ಮಣ್ಣು ತನ್ನ ಸುತ್ತ ನಾಕೂ ದಿಕ್ಕಿಗೆ 4 ಬ್ಲಾಕ್ ದೂರದ ತನಕ ನೀರು ಹುಡುಕ್ತೈತಿ, ಮೂಲಿನೂ ಸೇರಿ. ಅದಕ್ಕೇ ಒಂದು ನೀರಿಗೆ 9×9 ಪೂರ್ತಿ ತೊಯ್ತೈತಿ. ನೀರು ಮಣ್ಣಿನ ಮಟ್ಟದಾಗ ಇರಬೇಕು, ಇಲ್ಲಾ ಒಂದು ಬ್ಲಾಕ್ ಮ್ಯಾಲ ಇರಬೇಕು. ಕಾಲುವಿ ಒಂದು ಬ್ಲಾಕ್ ಕೆಳಗ ಹರದ್ರ ಹನಿ ನೀರೂ ಸಿಗಂಗಿಲ್ಲ. ನಡುವ ಗ್ವಾಡಿ ಇದ್ರೂ ಅಡ್ಡಿ ಇಲ್ಲ. ಮಣ್ಣು ಒಮ್ಮೆ ಹಸಿ ಆತಂದ್ರ ಮುಗೀತು, ಇನ್ನೂ ನೀರು ಹಾಕಿದ್ರ ಬಿತ್ತೋ ಜಾಗಾ ಹೋಗ್ತೈತಿ, ಬ್ಯಾರೇನೂ ಆಗಂಗಿಲ್ಲ.

ತಡಾ ಆಗೋದು ನೀ ಇಡೀ ಹೊಲ ಒಂದೇ ಬೆಳಿ ತುಂಬಿದ್ದಕ್ಕ.

ಬೆಳಿ ಹೆಂಗ ಬೆಳೀತೈತಿ ಅಂದ್ರ: ಆಟ ಸೆಕೆಂಡಿಗೆ 20 ಟಿಕ್ ಓಡ್ತೈತಿ. ಜಗತ್ತು 16×16×16ರ ತುಂಡುಗಳಾಗಿ ಹಂಚಿರ್ತೈತಿ, ಒಂದು ತುಂಡಿನಾಗ 4096 ಬ್ಲಾಕ್. ಜಾವಾದಾಗ ಪ್ರತಿ ಟಿಕ್ಕಿಗೆ ಒಂದು ತುಂಡಿನಾಗ ಯಾವುದೋ 3 ಬ್ಲಾಕಿಗೆ ಸರದಿ ಬರ್ತೈತಿ. ಇದಕ್ಕ ರ‍್ಯಾಂಡಮ್ ಟಿಕ್ ಅಂತಾರ. 4096 ಭಾಗಿಸು 3, ಸುಮಾರು 1365 ಟಿಕ್, ಅಂದ್ರ ಒಂದು ಗಿಡಕ್ಕ ಸರಾಸರಿ 68 ಸೆಕೆಂಡಿಗೊಮ್ಮೆ ಸರದಿ. ಸರದಿ ಬಂದ ಕೂಡ್ಲೆ ಬೆಳೀತೈತಿ ಅಂತಲ್ಲ. ಆವಾಗ ಆಟ ಗಿಡದ ಬುಡದ ಮಣ್ಣು, ಸುತ್ತಲಿನ 8 ಬ್ಲಾಕ್ ಮಣ್ಣು ನೋಡಿ ಅಂಕ ಕೊಡ್ತೈತಿ:

ಮೊದಲಿಗೆ ಎಲ್ಲಾ ಗಿಡಕ್ಕೂ 1 ಅಂಕ. ಬುಡದ ಮಣ್ಣು ಹಸಿ ಇದ್ರ 3, ಒಣ ಇದ್ರ 1. ಸುತ್ತಲಿನ ಎಂಟು ಬ್ಲಾಕಿನಾಗ ಹದ ಮಾಡಿದ ಹಸಿ ಮಣ್ಣಿಗೆ ತಲಾ 0.75, ಒಣ ಮಣ್ಣಿಗೆ ತಲಾ 0.25. ಹುಲ್ಲು, ಕಲ್ಲು, ನೀರಿಗೆ ಸೊನ್ನಿ. ಎಲ್ಲಾ ಹಸಿ ಇದ್ರ 1 + 3 + 6 = 10. ಇದಕ್ಕಿಂತ ಹೆಚ್ಚಿಲ್ಲ.

ಇಲ್ಲಿ ನಿನ್ನ ಹೊಲ ಸಿಕ್ಕೊಂಡೈತಿ ನೋಡು. ಒಂದು ಗಿಡದ ಪೂರ್ವ-ಪಶ್ಚಿಮದಾಗೂ ಅದೇ ಬೆಳಿ, ಉತ್ತರ-ದಕ್ಷಿಣದಾಗೂ ಅದೇ ಬೆಳಿ ಇತ್ತಂದ್ರ ಅಂಕ ಅರ್ಧ. ಮೂಲಿಗೆ ಅದೇ ಬೆಳಿ ಇದ್ರೂ ಅರ್ಧ. 10 ಇದ್ದದ್ದು 5 ಆತು.

ಕಡೀಗೆ 25ನ್ನ ಈ ಅಂಕದಿಂದ ಭಾಗಿಸಿ, ದಶಾಂಶ ಬಿಟ್ಟು, 1 ಕೂಡಿಸು. 10 ಅಂಕಕ್ಕ 3 ಬರ್ತೈತಿ: ಮೂರು ಸರದಿಗೆ ಒಮ್ಮೆ ಗಿಡ ಒಂದು ಹಂತ ಏರ್ತೈತಿ. 5 ಅಂಕಕ್ಕ 6 ಬರ್ತೈತಿ: ಆರು ಸರದಿಗೆ ಒಮ್ಮೆ. ಗೋಧಿ 0 ದಿಂದ 7ಕ್ಕ ಏಳು ಸಲ ಏರಬೇಕು. 7 × 3 × 68 ಸೆಕೆಂಡ್, ಸರಾಸರಿ 24 ನಿಮಿಷ. 7 × 6 × 68, ಸರಾಸರಿ 48 ನಿಮಿಷ. ಮುಕ್ಕಾಲು ತಾಸಿಗೆ ಅರ್ಧ ಹೊಲ ಹಸರು ಇರೋದು ಲೆಕ್ಕಕ್ಕ ಸರಿಯಾಗೇ ಐತಿ.

ಪರಿಹಾರ ಅಂದ್ರ ಅಕ್ಕಡಿ ಸಾಲು. ಒಂದು ಸಾಲು ಗೋಧಿ, ಒಂದು ಸಾಲು ಗಜ್ಜರಿ, ಮತ್ತ ಗೋಧಿ, ಮತ್ತ ಗಜ್ಜರಿ. ನಮ್ಮ ಕಡೆ ಜ್ವಾಳದಾಗ ತೊಗರಿ ಸಾಲು ಇಡ್ತಾರಲ್ಲ, ಹಂಗ. ಆವಾಗ ಗೋಧಿಗೆ ಗೋಧಿ ಎಡಕ್ಕ ಬಲಕ್ಕ ಅಷ್ಟೇ ಇರ್ತೈತಿ, ಮುಂದ ಹಿಂದ ಮೂಲ್ಯಾಗ ಎಲ್ಲಾ ಗಜ್ಜರಿ. ಅಂಕ ಕಡಿಯಂಗಿಲ್ಲ. ಅದೇ ನೀರು, ಅದೇ ಮಣ್ಣು, ಅರ್ಧ ಹೊತ್ತಿಗೆ ಪೀಕು.

ಗಿರ್ಮಿಟ್_ಹುಬ್ಬಳ್ಳಿ
ಅಣ್ಣಾ, ಎರಡು ಸಾಲು ಗೋಧಿ ಎರಡು ಸಾಲು ಗಜ್ಜರಿ ಇಟ್ರ ನಡೀತೈತೇನು? ಕೊಯ್ಯಾಕ ಸಲೀಸಾಗ್ತೈತಿ. ಇಲ್ಲಾಂದ್ರ ಒಂದು ಬಿಟ್ಟು ಒಂದು ಬ್ಲಾಕಿಗೆ ಇಟ್ರ?

ಎರಿಹೊಲ_ಗದಗ
ಎರಡೂ ನಡಿಯಂಗಿಲ್ಲ. ಎರಡು ಸಾಲು ಜೋಡಿ ಇಟ್ರ ಪ್ರತಿ ಗಿಡಕ್ಕೂ ಒಂದು ಮಗ್ಗಲು ಉದ್ದಕ್ಕ, ಇನ್ನೊಂದು ಮಗ್ಗಲು ಅಡ್ಡಕ್ಕ ಅದೇ ಬೆಳಿ ಸಿಗ್ತೈತಿ, ಅಂಕ ಅರ್ಧ. ಒಂದು ಬಿಟ್ಟು ಒಂದಕ್ಕ ಇಟ್ರ ನಾಕೂ ಮೂಲ್ಯಾಗ ಅದೇ ಬೆಳಿ, ಮತ್ತ ಅರ್ಧ. ಒಂಟಿ ಸಾಲು ಒಂದೇ ದಾರಿ. ಎರಡನೇ ಬೆಳಿ ಕೈಯಾಗ ಇಲ್ಲಂದ್ರ ನಡುವಿನ ಸಾಲು ಹದ ಮಾಡಿ ಖಾಲಿ ಬಿಡು, ಹಸಿ ಇದ್ರ ಅದಕ್ಕೂ 0.75 ಸಿಗ್ತೈತಿ. ಸಾಲು ಯಾವ ದಿಕ್ಕಿಗೆ ಹೋಗ್ತೈತಿ ಅನ್ನೋದು ಲೆಕ್ಕಕ್ಕಿಲ್ಲ.

ಏಲಕ್ಕಿಮಾಲಿ_ಹಾವೇರಿ
ಗದಗದ ಅಣ್ಣಾರು ಹೇಳಿದ್ದು ನಡುವಿನ ಗಿಡಕ್ಕೆ. ಅಂಚಿನ ಗಿಡಗಳಿಗೆ 24 ನಿಮಿಷ ಬರೂದಿಲ್ಲ, ಅದನ್ನೂ ಹೇಳಿಬಿಡೋಣು.

ಹೊಲದ ಅಂಚಿನ ಗಿಡಕ್ಕೆ ಹೊರಗಿನ ಕಡೆ ಮೂರು ಬ್ಲಾಕ್ ಹುಲ್ಲು ಇರತೈತಿ. ಮೂರು ಸಲ 0.75 ಹೋತು, 7.75 ಉಳೀತು. 25 ÷ 7.75 ಮೂರು ಚಿಲ್ಲರೆ, ಒಂದು ಕೂಡಿಸಿದ್ರ 4. ಅಂದ್ರ ಸರಾಸರಿ 32 ನಿಮಿಷ. ಮೂಲೆ ಗಿಡಕ್ಕೆ ಐದು ಬ್ಲಾಕ್ ಹೋಗತಾವು, 6.25 ಅಂಕ, ಐದಕ್ಕೊಂದು ಸರದಿ, ಸರಾಸರಿ 40 ನಿಮಿಷ. ನೀರಿನ ಪಕ್ಕದ ಗಿಡಕ್ಕೆ ಒಂದೇ ಬ್ಲಾಕ್ ಕಡಿಮಿ, 9.25 ಅಂಕ, ಭಾಗಿಸಿ ನೋಡಿದ್ರ ಅಲ್ಲೂ 3 ಬರತೈತಿ, ನಷ್ಟ ಇಲ್ಲ. ಹಿಂಗಾಗಿ 9×9 ಹೊಲದಾಗ ನಡುವಿಂದು ಮೊದಲು ಹಣ್ಣಾಗಿ ಅಂಚು ಹಿಂದೆ ಬೀಳೋದು ಸಹಜ. ಎಲ್ಲಾ ಒಟ್ಟಿಗೆ ಕೊಯ್ಯಬೇಕು ಅಂತ ಕಾಯೋರಿಗೆ ಅಂಚೇ ಹೊತ್ತು ತಿನ್ನತೈತಿ.

ಇದಕ್ಕೊಂದು ಉಪಾಯ ಐತಿ. 9×9ರ ಸುತ್ತ ಇನ್ನೊಂದು ಬ್ಲಾಕ್ ಅಗಲ ಹದ ಮಾಡಿ 11×11 ಮಾಡ್ರಿ. ಆ ಹೊರಗಿನ ಸುತ್ತು ನೀರಿನಿಂದ 5 ಬ್ಲಾಕ್ ದೂರ, ಒಣಾನೇ ಇರತೈತಿ. ಆದ್ರ ಒಣ ಮಣ್ಣಿಗೂ 0.25 ಇದೆಯಲ್ಲ. ಅಂಚಿನ ಗಿಡ 7.75ರಿಂದ 8.5ಕ್ಕೆ ಏರತೈತಿ, 25 ÷ 8.5 ಎರಡು ಚಿಲ್ಲರೆ, ಅಲ್ಲಿಗೆ 3. ಅಂಚೂ 24 ನಿಮಿಷಕ್ಕೆ ಬಂತು. ಮೂಲೆ ಮಾತ್ರ ನಾಕಕ್ಕೊಂದರಾಗೇ ನಿಲ್ಲತೈತಿ.

ಎಚ್ಚರ ಏನಂದ್ರ, ಒಣ ಮಣ್ಣು ಬರಿದಾಗಿ ಬಿಟ್ರ ತಿರುಗಿ ಸಾದಾ ಮಣ್ಣಾಗತೈತಿ. ಮ್ಯಾಲೆ ಗಿಡ ಇದ್ರ ಆಗೂದಿಲ್ಲ. ಆದ್ದರಿಂದ ಹೊರಸುತ್ತಿಗೂ ಬಿತ್ತಲೇಬೇಕು, ಒಳಗಿನ ಸಾಲೇ ಮುಂದುವರಿಸಿ. ಅಲ್ಲಿಂದು ನಿಧಾನ ಬೆಳೀಲಿ, ಅದು ಇರೋದು ಒಳಗಿನ ಗಿಡಕ್ಕೆ ಅಂಕ ಕೊಡಾಕ. ಕೊಯ್ದ ಕೂಡಲೆ ಅದೇ ಜಾಗಕ್ಕೆ ಮತ್ತೆ ಊರ್ರಿ.

ಎರಿಹೊಲ_ಗದಗ
ಅಕ್ಕಾರ, ಹೊರಸುತ್ತಿನ ಲೆಕ್ಕ ಭಾಳ ಛಲೋ ಹೇಳಿದ್ರಿ. ಒಣ ಬೇಸಾಯದ ಮಾತು ಬಂತಂತ ಇನ್ನೊಂದು ಸೇರಿಸ್ತೀನಿ. ನೀರೇ ಇಲ್ಲದ ಜಾಗದಾಗ ಒಂದೇ ಬೆಳಿ ತುಂಬಿದ್ರ ನಡುವಿನ ಗಿಡಕ್ಕ 4 ಅಂಕ, ಅರ್ಧ ಆಗಿ 2, ಹದಿಮೂರು ಸರದಿಗೆ ಒಂದು ಹಂತ. ಒಂದೂಮುಕ್ಕಾಲು ತಾಸಿನ ಹತ್ರ ಹೋಗ್ತೈತಿ. ಅದೇ ಒಣ ಮಣ್ಣಿನಾಗ ಅಕ್ಕಡಿ ಸಾಲು ಇಟ್ರ 4 ಅಂಕ ಉಳೀತೈತಿ, ಏಳಕ್ಕೊಂದು, 56 ನಿಮಿಷ. ನೀರು ಕೊಟ್ಟು ಗುಂಪಾಗಿ ಬಿತ್ತಿದ ಹೊಲ 48 ನಿಮಿಷ. ನೀರಿಲ್ಲದ ಸಾಲು, ನೀರಿರೋ ಗುಂಪು, ಎರಡರ ನಡುವ ಫರಕು 8 ನಿಮಿಷ ಅಷ್ಟ. ಸಾಲಿನ ಬೆಲಿ ಎಷ್ಟು ಅನ್ನೋದು ಇಲ್ಲಿ ತಿಳೀತೈತಿ.

ಉಣಕಲ್_ಕೆರೆದಂಡೆ
ನೆಲದಡಿಯ ಕೋಣೆಯ ಬಗ್ಗೆ ಹೇಳುತ್ತೇನೆ.

ಗಿಡ ಬೆಳೆಯಲು ಅದು ಇರುವ ಬ್ಲಾಕಿನಲ್ಲಿ ಬೆಳಕು ಕನಿಷ್ಠ 9 ಇರಬೇಕು. ಆಕಾಶ ಕಾಣದ ಜಾಗದಲ್ಲಿ ಗಿಡ ಉಳಿಯಲು, ಬೀಜ ಊರಲು ಕನಿಷ್ಠ 8 ಬೇಕು. ಜ್ಯಾಕ್-ಒ-ಲ್ಯಾಂಟರ್ನಿನ ಬೆಳಕು 15, ಟಾರ್ಚಿನದು 14. ಒಂದೊಂದು ಬ್ಲಾಕ್ ದೂರ ಹೋದಂತೆ ಒಂದೊಂದು ಕಡಿಮೆಯಾಗುತ್ತದೆ. ಮುಖ್ಯವಾದದ್ದು ಏನೆಂದರೆ, ಬೆಳಕು ಮೂಲೆಗೆ ನೇರವಾಗಿ ಓಡುವುದಿಲ್ಲ. ಅಡ್ಡ ಎಷ್ಟು, ಉದ್ದ ಎಷ್ಟು ಎಂದು ಕೂಡಿಸಿ ಎಣಿಸಬೇಕು. ನಡುವಿನಿಂದ ಮೂಲೆ 4 ಅಡ್ಡ, 4 ಉದ್ದ, ಒಟ್ಟು 8. ಹದಿನೈದರಲ್ಲಿ ಎಂಟು ಕಳೆದರೆ 7. ಅದಕ್ಕೇ ನಾಲ್ಕು ಮೂಲೆಗಳಲ್ಲಿ ಬೀಜ ಕೂರುತ್ತಿಲ್ಲ.

ಇಷ್ಟಕ್ಕೇ ನಿಲ್ಲಬೇಡಿ, ಪ್ರತಿ ಮೂಲೆಯ ಅಕ್ಕಪಕ್ಕದ ಎರಡು ಬ್ಲಾಕನ್ನೂ ನೋಡಿ. ಅಲ್ಲಿ ದೂರ 7, ಬೆಳಕು 8. ಬೀಜ ಕೂರುತ್ತದೆ, ಗಿಡ ಉಳಿಯುತ್ತದೆ, ಆದರೆ ಎಷ್ಟು ಹೊತ್ತು ಬಿಟ್ಟರೂ ಒಂದು ಹಂತವೂ ಏರುವುದಿಲ್ಲ. ಅಂಥವು ಎಂಟು ಇರುತ್ತವೆ. ಮೂಲೆಯ ನಾಲ್ಕು ಕಣ್ಣಿಗೆ ಬೀಳುತ್ತವೆ, ಈ ಎಂಟು ಬೀಳುವುದಿಲ್ಲ. ಒಟ್ಟು 12 ಬ್ಲಾಕ್ ದಂಡ.

ಹೊಲದ ಹೊರಗೆ, ನಾಲ್ಕೂ ಮೂಲೆಗಳ ಆಚೆ ಕರ್ಣಕ್ಕೆ ಒಂದೊಂದು ಟಾರ್ಚ್ ಇಡಿ, ಬೆಳೆಯ ಮಟ್ಟದಲ್ಲೇ. ಮೂಲೆಯ ಗಿಡಕ್ಕೆ ದೂರ 2, ಬೆಳಕು 12, ಪಕ್ಕದವಕ್ಕೆ 11. ಮುಗಿಯಿತು. ಟಾರ್ಚನ್ನು ಎತ್ತರದ ಛಾವಣಿಗೆ ಅಂಟಿಸಿದರೆ ಆ ಎತ್ತರವೂ ದೂರದಲ್ಲಿ ಎಣಿಕೆಯಾಗುತ್ತದೆ, ಅದನ್ನು ಹಲವರು ಬಿಟ್ಟುಬಿಡುತ್ತಾರೆ.

ಅಂದಾಜು ಬೇಕಿಲ್ಲ, ಎಫ್3 ಒತ್ತಿ ಆ ಬ್ಲಾಕಿನ ಮೇಲೆ ನಿಂತರೆ ಬೆಳಕಿನ ಅಂಕಿ ಪರದೆಯ ಮೇಲೆಯೇ ಬರುತ್ತದೆ. ಗಿಡದ ಕಡೆ ನೋಡಿದರೆ ಬಲಗಡೆ ಏಜ್ ಎಂದು ಅದರ ಹಂತ, ಮಣ್ಣಿನ ಕಡೆ ನೋಡಿದರೆ ಮಾಯಿಶ್ಚರ್ ಎಂದು ಅದರ ಹಸಿ. ಮಾಯಿಶ್ಚರ್ 7 ಅಂದರೆ ಪೂರ್ತಿ ಹಸಿ. ನೀರು ಇಟ್ಟ ಕೂಡಲೇ ಮಣ್ಣು ಕಪ್ಪಾಗದಿದ್ದರೆ ಗಾಬರಿ ಬೇಡ, ಅದೂ ತನ್ನ ರ‍್ಯಾಂಡಮ್ ಟಿಕ್ಕಿಗೆ ಕಾಯುತ್ತದೆ, ಒಂದೆರಡು ನಿಮಿಷ ಬೇಕಾಗಬಹುದು.

ರೊಟ್ಟಿಬುತ್ತಿ_ಧಾರವಾಡ
ಇಷ್ಟೆಲ್ಲ ಸಾಲಿನ ಲೆಕ್ಕ ಯಾಕ್ರಿ, ಬೋನ್ ಮೀಲ್ (ಎಲುಬಿನ ಪುಡಿ ಗೊಬ್ಬರ) ಹಾಕಿದ್ರ ಕುಂತಲ್ಲೇ ಪೀಕು ಬರ್ತದ. ಹೆಚ್ಚಾದ ಬೀಜ ಕಂಪೋಸ್ಟರಿಗೆ (ಗೊಬ್ಬರದ ಡಬ್ಬಿಗೆ) ಹಾಕೋದು, ಬಂದ ಬೋನ್ ಮೀಲ್ ಹೊಲಕ್ಕ ಹಾಕೋದು. ತಿರುಗಣಿ ನಡೀತಿರ್ತದ.

ಏಲಕ್ಕಿಮಾಲಿ_ಹಾವೇರಿ
ಆ ತಿರುಗಣಿ ನಡಿಯೂದಿಲ್ಲ, ಲೆಕ್ಕ ಹಾಕಿ ನೋಡ್ರಿ.

ಕಂಪೋಸ್ಟರ್ ತುಂಬಾಕ ಏಳು ಪದರ ಬೇಕು, ತುಂಬಿದ ಮ್ಯಾಲೆ ಒಂದು ಬೋನ್ ಮೀಲ್. ಬೀಜ ಹಾಕಿದ್ರ ಪದರ ಏರೋ ಸಂಭವ 30%. ಅಂದ್ರ ಒಂದು ಬೋನ್ ಮೀಲಿಗೆ 20ರ ಆಸುಪಾಸು ಬೀಜ ಹೋಗತಾವು. ಬೋನ್ ಮೀಲ್ ಒಂದು ಸಲಕ್ಕೆ 2ರಿಂದ 5 ಹಂತ ಏರಸ್ತೈತಿ. ಏಳು ಹಂತಕ್ಕೆ ಕಡಿಮಿ ಅಂದ್ರ ಎರಡು, ನಸೀಬು ಕೆಟ್ರ ನಾಕು ಬೇಕು. ಎರಡೇ ಸಾಕಾತು ಅಂದ್ರೂ 40 ಬೀಜ. ಹಣ್ಣಾದ ಗೋಧಿ ಕೊಡೋದು 1 ಗೋಧಿ, 1ರಿಂದ 4 ಬೀಜ, ಸರಾಸರಿ 2.7. ಮತ್ತೆ ಬಿತ್ತಾಕ ಒಂದು ಹೋತು. 40 ಖರ್ಚು ಮಾಡಿ ಎರಡೂ ಆಗಲಿಲ್ಲ. ಗೋಧಿ, ಗಜ್ಜರಿ, ಬಟಾಟಿ ಹಾಕಿದ್ರ ಸಂಭವ 65%, ಆಗ ಒಂದು ಬೋನ್ ಮೀಲಿಗೆ ಹತ್ತರಷ್ಟು. ಅದು ಉಣ್ಣೋ ಕಾಳು ಗೊಬ್ಬರಕ್ಕೆ ಹಾಕಿದಂಗ.

ಬೋನ್ ಮೀಲಿಗೆ ಜಾಗಾ ಐತಿ, ಇಲ್ಲಂತಿಲ್ಲ. ಮೊದಲನೇ ಗಜ್ಜರಿ ಒಂದೇ ಒಂದು ಸಿಕ್ಕಾಗ ಅದನ್ನ ಬೆಳೆಸಿ ಬೀಜಕ್ಕೆ ಮಾಡಿಕೊಳ್ಳಾಕ ಅದಕ್ಕಿಂತ ಛಲೋ ಇಲ್ಲ. ಬಟಾಟಿಗೂ ಹಂಗೇ. ಬೀಟ್‌ರೂಟಿಗೆ ಮಾತ್ರ ಹಾಕಬ್ಯಾಡ್ರಿ: ಒಂದು ಸಲಕ್ಕೆ 75% ಸಂಭವದಾಗ ಒಂದೇ ಹಂತ ಏರತೈತಿ. ಇಡೀ ಹೊಲಕ್ಕೆ ಸುರುವೋದು ಎಲುಬು ರಾಶಿಗಟ್ಟಲೆ ಬರೋ ಸ್ಕೆಲಿಟನ್ ಫಾರ್ಮ್ ಇದ್ದೋರ ಕೆಲಸ. ಸಾಲಿಗೆ ಏನೂ ಖರ್ಚಿಲ್ಲ, ಬಿತ್ತೋವಾಗ ಕೈ ಬದಲಿಸಿದ್ರ ಆತು.

ರೊಟ್ಟಿಬುತ್ತಿ_ಧಾರವಾಡ
ಬೀಜಕ್ಕ 30% ಅನ್ನೋದು ಲೆಕ್ಕದಾಗ ಹಿಡದಿದ್ದಿಲ್ಲ, ಖರೇ ಅದ ಅಕ್ಕಾ. ಹಂಗಾದ್ರ ಫಾರ್ಚೂನ್ (ಪೀಕು ಹೆಚ್ಚಿಸೋ ಮಂತ್ರ) ಹಾಕಿದ ಗುದ್ದಲಿಯಿಂದ ಕೊಯ್ದ್ರ ಗೋಧಿ ಹೆಚ್ಚು ಬರ್ತದೇನು?

ಎರಿಹೊಲ_ಗದಗ
ಗೋಧಿಗೆ ಇಲ್ಲ. ಫಾರ್ಚೂನ್ ಹೆಚ್ಚು ಮಾಡೋದು ಬೀಜ ಮಾತ್ರ, ಗೋಧಿ ಯಾವತ್ತೂ ಗಿಡಕ್ಕ ಒಂದೇ. ಗಜ್ಜರಿ ಬಟಾಟಿಗೆ ಖರೇ ಲಾಭ: ಸಾದಾ ಕೈಲೆ 2ರಿಂದ 5, ಸರಾಸರಿ 3.7, ಫಾರ್ಚೂನ್ 3 ಇದ್ರ 2ರಿಂದ 8, ಸರಾಸರಿ 5.4. ಯಾವ ಉಪಕರಣದ ಮ್ಯಾಲ ಇದ್ರೂ ನಡೀತೈತಿ, ಗುದ್ದಲಿನೇ ಆಗಬೇಕಂತಿಲ್ಲ. ಬೆಳಿ ಒಂದೇ ಏಟಿಗೆ ಕಿತ್ತು ಬರೋದ್ರಿಂದ ಜಾವಾದಾಗ ಉಪಕರಣ ಸವಿಯಂಗೂ ಇಲ್ಲ. ಮಣ್ಣು ಹದ ಮಾಡೋವಾಗ ಮಾತ್ರ ಗುದ್ದಲಿ ಸವೀತೈತಿ: ಕಟಗಿದು 59 ಬ್ಲಾಕಿಗೆ ಮುಗೀತೈತಿ, ಕಲ್ಲಿಂದು 131. 9×9ಕ್ಕ ಕಟಗಿ ಗುದ್ದಲಿ ಒಂದು ಸಾಲಂಗಿಲ್ಲ, ಕಲ್ಲಿಂದು ಒಂದು ಸಾಕು.

ಗಜ್ಜರಿ, ಬಟಾಟಿ ಕೊಯ್ಯೋವಾಗ ಕಣ್ಣು ಮೋಸ ಹೋಗ್ತಾವು. ಎಂಟು ಹಂತ ಇದ್ರೂ ನೋಡಾಕ ನಾಕೇ ರೂಪ. 4, 5, 6 ಮೂರೂ ಹಂತ ಒಂದೇ ನಮೂನಿ ಕಾಣ್ತಾವು. ಗೋಧಿ ಹಳದಿ-ಕಂದು ಆದಾಗ ಗೊತ್ತಾಗ್ತೈತಿ. ಗಜ್ಜರಿಗೆ ಬುಡದಾಗ ಕಿತ್ತಳಿ ಬಣ್ಣ ಮೂಡಬೇಕು, ಬಟಾಟಿಗೆ ಮಣ್ಣಿನ ಮ್ಯಾಲ ಗಡ್ಡಿ ಕಾಣಬೇಕು. ಅದಕ್ಕ ಮೊದಲು ಕಿತ್ರ ಬಿತ್ತಿದ್ದು ಒಂದೇ ತಿರುಗಿ ಬರ್ತೈತಿ, ಬೆಳೆದ ಹೊತ್ತೆಲ್ಲಾ ದಂಡ. ಸಂಶಯ ಬಂದ್ರ ಎಫ್3ರಾಗ ಏಜ್ 7 ಐತಿಲ್ಲೋ ನೋಡು.

ಗಿರ್ಮಿಟ್_ಹುಬ್ಬಳ್ಳಿ
ಬ್ಯಾಲಿ ಹಾಕಿದ್ರೂ ಆಗಾಗ ಅಲ್ಲಲ್ಲಿ ಒಂದೊಂದು ಬ್ಲಾಕ್ ಸಾದಾ ಮಣ್ಣಾಗಿ ಗಿಡ ಕಿತ್ತು ಬಿದ್ದಿರ್ತೈತ್ರಿ. ಒಳಗ ಯಾವ ಪ್ರಾಣಿನೂ ಇಲ್ಲ.

ಉಣಕಲ್_ಕೆರೆದಂಡೆ
ಯಾರೋ ಜಿಗಿದಿದ್ದಾರೆ. ನಡೆದರೆ, ಓಡಿದರೆ ಏನೂ ಆಗುವುದಿಲ್ಲ. ಮೇಲಿನಿಂದ ಬಿದ್ದರೆ ಮಾತ್ರ ಮಣ್ಣು ಹಾಳು. ಜಾವಾದಲ್ಲಿ ಬಿದ್ದ ಎತ್ತರದಿಂದ ಅರ್ಧ ಬ್ಲಾಕ್ ಕಳೆಯಿರಿ, ಉಳಿದದ್ದೇ ಸಂಭವ. ಸಾಮಾನ್ಯ ಜಿಗಿತ 1.25 ಬ್ಲಾಕ್, ಹಾಗಾಗಿ ನಾಲ್ಕರಲ್ಲಿ ಮೂರು ಸಲ ಮಣ್ಣು ಹೋಗುತ್ತದೆ. ಒಂದೂವರೆ ಬ್ಲಾಕಿನಿಂದ ಬಿದ್ದರೆ ಖಂಡಿತ. ಒಂದು ಬ್ಲಾಕ್ ಎತ್ತರದ ಬದುವಿನಿಂದ ಹೊಲಕ್ಕೆ ಇಳಿಯುವುದೂ ಅರ್ಧಕ್ಕರ್ಧ ಅಪಾಯ. ಶಿಫ್ಟ್ ಒತ್ತಿ ಬಗ್ಗಿ ಇಳಿದರೂ ರಕ್ಷಣೆ ಇಲ್ಲ, ಎತ್ತರವೇ ಲೆಕ್ಕ.

ನಿಮ್ಮ ಹೊಲದಲ್ಲಿ ಬದು ಎತ್ತರವಿದ್ದು ಬಾಗಿಲು ಅದರ ಮೇಲಿದ್ದರೆ ಅದನ್ನು ಕಿತ್ತು ಹೊಲದ ಮಟ್ಟಕ್ಕೆ ತನ್ನಿ. ಬಾಗಿಲ ಒಳಗಿನ ಮೊದಲ ಬ್ಲಾಕನ್ನು ಹದ ಮಾಡದೆ ಬಿಟ್ಟರೆ ಇನ್ನೂ ಒಳ್ಳೆಯದು. ನಡುವಿನ ನೀರಿನ ಗುಂಡಿಗೆ ಬಿದ್ದವರು ಹೊರಬರಲು ಜಿಗಿಯಲೇಬೇಕು, ಜಿಗಿದು ಇಳಿಯುವುದು ಗೋಧಿಯ ಮೇಲೆ. ನೀರಿನ ಬ್ಲಾಕಿನ ಮೇಲೆ ತಾವರೆ ಎಲೆ ಇಟ್ಟು ಮುಚ್ಚಿ. ಇಲ್ಲವೆ ನೀರಿರುವ ಜಾಗದಲ್ಲೇ ಸ್ಲ್ಯಾಬ್ (ಅರ್ಧ ಎತ್ತರದ ಬ್ಲಾಕ್) ಇಟ್ಟು ನೀರನ್ನು ಅದರೊಳಗೇ ತುಂಬಿಸಿ, ಆಗಲೂ ಮಣ್ಣು ತೊಯ್ಯುತ್ತದೆ. ಹಿಮದ ಪ್ರದೇಶದಲ್ಲಿ ನೀರಿಗೆ ಮುಚ್ಚಳ ಕಡ್ಡಾಯ, ಬಯಲಲ್ಲಿ ಬಿಟ್ಟರೆ ಮಂಜುಗಡ್ಡೆಯಾಗಿ ಹೊಲ ಒಣಗುತ್ತದೆ.

ಬಯಲು ಹೊಲದ ಸುತ್ತಲೂ ಟಾರ್ಚ್ ಇರಲಿ. 2021ರ 1.18 ಆವೃತ್ತಿಯಿಂದ ದೀಪದ ಬೆಳಕು ಪೂರ್ತಿ ಸೊನ್ನೆ ಇರುವ ಜಾಗದಲ್ಲಿ ಮಾತ್ರ ಝಾಂಬಿ, ಸ್ಕೆಲಿಟನ್ ಹುಟ್ಟುತ್ತವೆ, ಆದ್ದರಿಂದ ಹೆಚ್ಚು ಬೇಕಿಲ್ಲ.

ಬೀಜದಂಗಡಿ_ರಾಣೆಬೆನ್ನೂರು
ಸರ್ವರ್‌ನಾಗ ಹೊಲ ಮಾಡೋರು ಇನ್ನೊಂದು ತಿಳ್ಕೊಬೇಕು. ರ‍್ಯಾಂಡಮ್ ಟಿಕ್ ನಡಿಯೋದು ಆಟಗಾರರ ಹತ್ತಿರದ ಚಂಕುಗಳಾಗ (16×16 ಬ್ಲಾಕಿನ ಜಾಗಗಳಾಗ) ಮಾತ್ರ. ಬಿತ್ತಿ ದೂರದ ಗಣಿಗೆ ಹೋದ್ರ ಬೆಳೆ ನಿಂತಲ್ಲೇ ನಿಂತಿರುತ್ತೆ. ಹಾಸಿಗೆ ಮೇಲೆ ಮಲಗಿ ರಾತ್ರಿ ದಾಟಿಸಿದ್ರೂ ಬೆಳೆ ಮುಂದೆ ಹೋಗಲ್ಲ: ಗಡಿಯಾರ ಅಷ್ಟೇ ಜಿಗಿಯುತ್ತೆ, ಆ ಹೊತ್ತಿನ ಟಿಕ್ ಓಡಿರಲ್ಲ. ಹೊಲ ಯಾವಾಗಲೂ ಮನೆ, ಕುಲುಮೆ, ಪೆಟ್ಟಿಗೆ ಇರೋ ಜಾಗಕ್ಕೆ ತಗುಲಿ ಇರಲಿ. ನೇರ ಕೆಳಗೆ ಗಣಿ ತೋಡೋದಾದ್ರೆ ಹೊಲ ಬೆಳೀತಾ ಇರುತ್ತೆ.

ಕಬ್ಬನ್ನ ಈ ಲೆಕ್ಕಕ್ಕೆ ಸೇರಿಸಬೇಡಿ. ಅದಕ್ಕೆ ಹದ ಮಾಡಿದ ಮಣ್ಣು ಬೇಡ, 4 ಬ್ಲಾಕ್ ದೂರದ ನೀರು ಸಾಲದು, ಬುಡದ ಬ್ಲಾಕಿಗೆ ನೀರು ತಾಗಿಯೇ ಇರಬೇಕು. ಸಾಲು, ಗುಂಪು ಯಾವುದೂ ಲೆಕ್ಕಕ್ಕಿಲ್ಲ. 16 ಸರದಿಗೆ ಒಂದು ಬ್ಲಾಕ್ ಎತ್ತರ, ಅಂದ್ರೆ ಸರಾಸರಿ 18 ನಿಮಿಷ, ಮೂರಕ್ಕೆ ನಿಲ್ಲುತ್ತೆ. ಎರಡನೇ ಬ್ಲಾಕ್ ಕಡಿದ್ರೆ ಮೇಲಿನದೂ ಬೀಳುತ್ತೆ, ಬುಡ ಬಿಡಿ.

ಕುಂಬಳ, ಕಲ್ಲಂಗಡಿಗೆ ಬಳ್ಳಿ ಬೆಳೆಯೋವರೆಗೂ ಮೇಲಿನ ಅಂಕಗಳೇ. ಬಳ್ಳಿ ಬಲಿತ ಮೇಲೆ ಪ್ರತಿ ಸಲ ನಾಲ್ಕು ದಿಕ್ಕಿನಲ್ಲಿ ಒಂದನ್ನ ಆರಿಸಿ ಅಲ್ಲಿ ಕಾಯಿ ಬಿಡೋಕೆ ನೋಡುತ್ತೆ. ಆ ಜಾಗ ಖಾಲಿ ಇರಬೇಕು, ಕೆಳಗೆ ಮಣ್ಣಿರಬೇಕು. ಒಂದೇ ಕಡೆ ಜಾಗ ಬಿಟ್ಟಿದ್ರೆ ನಾಲ್ಕರಲ್ಲಿ ಮೂರು ಸರದಿ ವ್ಯರ್ಥ. ಕಾಯಿ ಕೂತ ಹದದ ಮಣ್ಣು ಸಾದಾ ಮಣ್ಣಾಗಿಬಿಡುತ್ತೆ, ಆದ್ದರಿಂದ ಕಾಯಿಗೆ ಬಿಟ್ಟ ಜಾಗ ಹದ ಮಾಡೋ ಕಷ್ಟ ಬೇಡ. ಕಾಯಿ ಮಾತ್ರ ಕಿತ್ತುಕೊಳ್ಳಿ, ಬಳ್ಳಿ ಮತ್ತೆ ಬಿಡುತ್ತೆ.

ರೊಟ್ಟಿಬುತ್ತಿ_ಧಾರವಾಡ
ಕೊಯ್ಯೋ ಕೆಲಸ ವಿಲೇಜರ್ (ಆಟದೊಳಗಿನ ಹಳ್ಳಿಗ) ಕಡೆ ಬಿಟ್ರ ಹೆಂಗ? ಕಂಪೋಸ್ಟರ್ ಇಟ್ರ ಫಾರ್ಮರ್ ಆಗ್ತಾನ, ಕೊಯ್ತಾನ, ಮತ್ತ ಬಿತ್ತತಾನ.

ಎರಿಹೊಲ_ಗದಗ
ಬಿಡಬಹುದು, ಆದ್ರ ಅವ ನಿನ್ನ ಸಾಲು ಉಳಸಂಗಿಲ್ಲ. ತನ್ನ ಚೀಲದಾಗ ಯಾವ ಬೀಜ ಮೊದಲ ಸಿಗ್ತೈತೋ ಅದನ್ನ ಊರ್ತಾನ. ಒಂದೆರಡು ಕೊಯ್ಲಿಗೆ ಗೋಧಿ, ಗಜ್ಜರಿ ಕಲಸಿ ಹೋಗ್ತಾವು. ಸಾಲು ಸಾಲಿನ ನಡುವ ಹದ ಮಾಡದ ಮಣ್ಣು ಬಿಟ್ಟು ತಡೀಬಹುದು ಅನಸ್ತೈತಿ, ಆವಾಗ ಅಂಕ 5.5, ಐದಕ್ಕೊಂದು ಸರದಿ. ತುಂಬಿ ಬಿತ್ತಿದ್ರ ಆರಕ್ಕೊಂದು. ಅರ್ಧ ಹೊಲ ಕಳಕೊಂಡು ಅಷ್ಟು ಸಣ್ಣ ಲಾಭ ಯಾರಿಗೆ ಬೇಕು? ವಿಲೇಜರ್ ಹೊಲಕ್ಕ ಒಂದೇ ಬೆಳಿ ತುಂಬಿ 48 ನಿಮಿಷ ಒಪ್ಪಿಕೊಳ್ಳೋದೇ ಸರಿ, ಕೈಕೆಲಸ ಇಲ್ಲಲ್ಲ. ಅಲ್ಲಿಗೆ ಗಜ್ಜರಿ ಅಥವಾ ಬಟಾಟಿ ಇಡು: ಬಿತ್ತೋದೂ ತಿನ್ನೋದೂ ಒಂದೇ ಆದ್ದರಿಂದ ಅವನ ಎಂಟು ಖಾನೆ ಬೀಜದಿಂದ ತುಂಬಿ ಕೂಡೋ ತೊಂದ್ರಿ ಇಲ್ಲ. ಸರ್ವರ್‌ನಾಗ ಮಾಬ್ ಗ್ರೀಫಿಂಗ್ ನಿಯಮ (ಆಟದ ಜೀವಿಗಳಿಗೆ ಬ್ಲಾಕ್ ಬದಲಿಸಾಕ ಬಿಡೋದು) ಬಂದ್ ಮಾಡಿದ್ರ ಅವ ಕೊಯ್ಯಂಗೂ ಇಲ್ಲ, ಅದನ್ನ ಮೊದಲ ನೋಡು.

ಡಿಸ್ಪೆನ್ಸರ್‌ನಾಗ (ಒಳಗಿಟ್ಟದ್ದನ್ನ ಹೊರಗ ಬಿಡೋ ಬ್ಲಾಕಿನಾಗ) ನೀರಿನ ಬಕೆಟ್ ಇಟ್ಟು ಹರಿಸಿನೂ ಕೊಯ್ಬಹುದು. ಸಪಾಟು ನೆಲದಾಗ ನೀರು ಮುಂದ 7 ಬ್ಲಾಕ್ ಹರೀತೈತಿ, ಬೆಳಿ ಕಿತ್ತು ಮುಂದ ತಳ್ಳಿಕೊಂಡು ಹೋಗ್ತೈತಿ, ಕಡೀಗೆ ಹಾಪರ್ (ಬಿದ್ದದ್ದನ್ನ ಹೀರೋ ಬ್ಲಾಕ್) ಇಟ್ಟು ಪೆಟ್ಟಿಗೀಗೆ ಬಿಡು. ಮಣ್ಣು ಕೆಡಂಗಿಲ್ಲ. ಆದ್ರ ನೀರು ಹಣ್ಣಾದದ್ದು, ಹಸರಿದ್ದದ್ದು ನೋಡಂಗಿಲ್ಲ, ಎಲ್ಲಾ ಕೀಳ್ತೈತಿ. ಫಾರ್ಚೂನೂ ಹತ್ತಂಗಿಲ್ಲ.

ಮೊಬೈಲ್ಮಂದಿ_ಲಕ್ಷ್ಮೇಶ್ವರ
ಮೊಬೈಲ್‌ನಾಗ ಆಡೋರಿಗೂ ಇದೇ ಲೆಕ್ಕ ಏನ್ರಿ?

ಉಣಕಲ್_ಕೆರೆದಂಡೆ
ಮೊಬೈಲಿನದು ಬೆಡ್‌ರಾಕ್ ಎಡಿಷನ್. ಅಲ್ಲಿ ರ‍್ಯಾಂಡಮ್ ಟಿಕ್ ವೇಗದ ಮೂಲ ಸೆಟ್ಟಿಂಗ್ 1, ಜಾವಾದಲ್ಲಿ 3. ಇಲ್ಲಿನ ನಿಮಿಷಗಳನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ನೀರಿನ 4 ಬ್ಲಾಕ್ ಅಲ್ಲಿಗೂ ಹೊಂದುತ್ತದೆ, ಜಿಗಿದರೆ ಮಣ್ಣು ಹೋಗುವುದೂ ಅಲ್ಲಿ ಇದೆ. ಒಂದು ಅನುಕೂಲ ಹೆಚ್ಚು: ಬೆಡ್‌ರಾಕಿನಲ್ಲಿ ಕಬ್ಬಿಗೆ ಬೋನ್ ಮೀಲ್ ಹತ್ತುತ್ತದೆ, ಜಾವಾದಲ್ಲಿ ಇಲ್ಲ.

ಗಿರ್ಮಿಟ್_ಹುಬ್ಬಳ್ಳಿ
ಎಲ್ಲಾರದೂ ಕೂಡಿಸಿ ಹಿಂಗ ಹಾಕ್ಲೇನ್ರಿ: 9 ಸಾಲು. 1, 3, 5, 7, 9 ಗೋಧಿ. 2, 4, 6, 8 ಗಜ್ಜರಿ. ನೀರು ಐದನೇ ಸಾಲಿನ ನಡುವ. ಗೋಧಿ 44, ಗಜ್ಜರಿ 36. ಸುತ್ತ ಒಂದು ಬ್ಲಾಕ್ ಒಣ ಸುತ್ತು. ಬಾಗಲಾ ಹೊಲದ ಮಟ್ಟಕ್ಕ. ನೀರಿಗೆ ತಾವರಿ ಎಲಿ. ಊಟಕ್ಕ ಎಷ್ಟಾಗ್ತೈತಿ?

ಏಲಕ್ಕಿಮಾಲಿ_ಹಾವೇರಿ
ಸರಿ ಐತಿ. ಹೊರಸುತ್ತು ಬಿಟ್ಟು ಲೆಕ್ಕ ಹಿಡದ್ರ, 44 ಗೋಧಿಗೆ 14 ಬ್ರೆಡ್, 2 ಗೋಧಿ ಉಳೀತಾವು. ಬೀಜ 119ರ ಹತ್ತಿರ, ಬಿತ್ತಾಕ 44 ತೆಗದ್ರ 75 ಉಳಿಕೆ. ಅದನ್ನ ಕಂಪೋಸ್ಟರಿಗೆ ಹಾಕ್ರಿ, ಮೂರ್ನಾಲ್ಕು ಬೋನ್ ಮೀಲ್. ಗಜ್ಜರಿ 133ರ ಹತ್ತಿರ, ಬಿತ್ತನಿಗೆ 36 ತೆಗದು 97. ಬ್ರೆಡ್ಡಿಗೆ ಹಸಿವಿನ ಅಂಕ 5, ಗಜ್ಜರಿಗೆ 3. ಅಂದ್ರ ಬ್ರೆಡ್ಡಿಂದ 70, ಗಜ್ಜರಿಯಿಂದ 291. ಹೊಟ್ಟೆ ತುಂಬಸೋದು ಗಜ್ಜರಿ ಸಾಲೇ, ಗೋಧಿ ದನಾ ಕುರಿ ಸಾಕಾಕ ಬೇಕು. ದನಾ ಇಲ್ಲಂದ್ರ ಗೋಧಿ ಜಾಗಕ್ಕೆ ಬಟಾಟಿ ಇಡ್ರಿ, ಕುಲುಮೆಯಾಗ ಸುಟ್ರ ಒಂದಕ್ಕೆ 5 ಅಂಕ, ಬ್ರೆಡ್ಡಿನಷ್ಟೇ. ಒಂದು ಇದ್ದಿಲಿಗೆ 8 ಸುಡತಾವು. ಹಸಿ ಬಟಾಟಿ ತಿನ್ನಬ್ಯಾಡ್ರಿ, ಒಂದೇ ಅಂಕ. ಬಂಗಾರ ಇದ್ದೋರು ಗಜ್ಜರಿಗೆ 8 ಬಂಗಾರದ ಚೂರು (ನಗೆಟ್) ಸೇರಿಸಿ ಗೋಲ್ಡನ್ ಕ್ಯಾರಟ್ ಮಾಡಿಕೊಳ್ರಿ: 6 ಅಂಕ, ತಿಂದದ್ದು ಬ್ರೆಡ್ಡಿಗಿಂತ ಎಷ್ಟೋ ಹೊತ್ತು ಹೊಟ್ಟೆಯಾಗ ನಿಲ್ಲತೈತಿ.

ಎರಿಹೊಲ_ಗದಗ
ಬಿತ್ತೋವಾಗ ಒಂದು ಸಾಲು ಪೂರ್ತಿ ಮುಗಿಸಿ ಇನ್ನೊಂದಕ್ಕ ಹೋಗು, ಎರಡೂ ಬೀಜ ಕೈಯಾಗ ಹಿಡಕೊಂಡು ಅಡ್ಡಾಡಬ್ಯಾಡ. ಗಜ್ಜರಿ ಸಾಲಿನ ನಡುವ ಒಂದೇ ಒಂದು ಗೋಧಿ ತಪ್ಪಿ ಬಿತ್ತಂದ್ರ ಅದರ ಅಂಕ ಅರ್ಧ ಆಗ್ತೈತಿ, ಮ್ಯಾಲಿನ ಸಾಲಿನ ಮೂರು ಗೋಧಿ, ಕೆಳಗಿನ ಸಾಲಿನ ಮೂರು ಗೋಧಿ, ಅವೂ ಅರ್ಧ. ಒಂದು ಬೀಜಕ್ಕ ಏಳು ಗಿಡ ಹಿಂದ ಬೀಳ್ತಾವು. ಕಂಡ ಕೂಡ್ಲೆ ಕಿತ್ತು ಗಜ್ಜರಿ ಊರು, ಬೀಜ ತಿರುಗಿ ಕೈಗೆ ಬರ್ತೈತಿ. ಸುತ್ತಲಿನ ಆರು ಗಿಡ ಮುಂದಿನ ಸರದಿಯಿಂದಲೇ ಮೊದಲಿನಂಗ ಏರ್ತಾವು, ಅವನ್ನ ಮುಟ್ಟೋದು ಬ್ಯಾಡ.